ಎಣ್ಣೆ ಉಳಿದ ಹಿಂಡಿ

ಬರೆಯುವ ಅಭ್ಯಾಸ ನನಗಿಲ್ಲ. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಭಾಷೆಯಿಂದಲೇ ಈ ಬರಹವನ್ನು ಕಟ್ಟಿದ್ದೇನೆ. ಆಮೇಲಿನ ಓದೆಲ್ಲ ಬೇರೆ ಭಾಷೆಗಳಲ್ಲಿ ಆಯಿತು. ವಾಕ್ಯ ಎಲ್ಲಿಯಾದರೂ ಕುಂಟಿದ್ದರೆ, ಪದ ಜಾರಿದ್ದರೆ, ಓದುಗರು ತಾವೇ ತಿದ್ದಿ ಓದಿಕೊಳ್ಳಬೇಕೆಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ತವರಿನಲ್ಲಿಯೂ ಗಂಡನ ಮನೆಯಲ್ಲಿಯೂ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಮನೆಗೆ ಬಂದ ಪ್ರತಿಯೊಂದು ಕಾಗದವೂ ನನ್ನ ಕೈಗೇ ಬರುತ್ತದೆ, ಅದರಲ್ಲಿ ತಪ್ಪಾದರೆ ಆ ತಪ್ಪೂ ನನ್ನದೇ ಆಗುತ್ತದೆ. ತಪ್ಪಾದೀತೆಂಬ ಹೆದರಿಕೆಯಿಂದಲೇ ಆದ ಒಂದು ತಪ್ಪಿನ ಸಂಗತಿಯನ್ನು ಇಲ್ಲಿ ಹೇಳುತ್ತಿದ್ದೇನೆ.

ನಾವಿರುವುದು ಮುಂಬಯಿಯ ಜೋಗೇಶ್ವರಿಯ ಒಂದು ಚಾಳಿನಲ್ಲಿ, ಸಾಲು ಖೋಲಿಗಳ ವಠಾರದಲ್ಲಿ. ನನ್ನ ಅತ್ತೆಯವರು ವಿಜಯಪುರ ಜಿಲ್ಲೆಯವರು. ಪವಾಯಿಯ ಒಂದು ದೊಡ್ಡ ವಸತಿ ಸಂಕೀರ್ಣದ ಪಕ್ಕದ ಮೈದಾನದಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ ಬಜಾರು ಕೂಡುತ್ತದೆ. ಅಲ್ಲಿ ಐದನೆಯ ನಂಬರಿನ ಟೇಬಲ್ಲಿನಲ್ಲಿ ಅವರು ಎರಡು ವರ್ಷಗಳಿಂದ ಜೋಳದ ಕಡಕ್ ರೊಟ್ಟಿಯನ್ನೂ ಹಿಂಡಿಯನ್ನೂ ಮಾರುತ್ತಿದ್ದರು. ಆ ಸಂಕೀರ್ಣದ ಯಾವುದೋ ಒಂದು ಕಟ್ಟಡಕ್ಕೆ ಹರೆಯದಲ್ಲಿ ತಾವೇ ಸಿಮೆಂಟಿನ ಬುಟ್ಟಿ ಹೊತ್ತದ್ದುಂಟು ಎನ್ನುತ್ತಾರೆ. ಬಣ್ಣ ಬದಲಾಗಿರುವುದರಿಂದ ಯಾವುದೆಂದು ಗುರುತು ಸಿಗುವುದಿಲ್ಲವಂತೆ.

ಹಿಂಡಿ ಎಂದರೆ ನಮ್ಮ ಕಡೆ ರೊಟ್ಟಿಯೊಡನೆ ತಿನ್ನುವ ಒಣ ಖಾರದ ಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದು ಮೂರು ಬಗೆಯದನ್ನು ಅತ್ತೆಯವರು ಮಾಡುತ್ತಾರೆ. ಬೇರೆ ಸೀಮೆಯ ಕನ್ನಡಿಗರಿಗೆ ಈ ಪದ ಕೇಳಿದೊಡನೆ ಬೇರೇನೋ ನೆನಪಾಗಬಹುದು. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನನಗೆ ಮಾತ್ರ ಆಗಲಿಲ್ಲ. ತಾಟಿನ ಅಂಚಿನಲ್ಲಿ, ಮೊಸರಿನ ಪಕ್ಕದಲ್ಲಿ ಇರುವುದು ಹಿಂಡಿ. ನನ್ನ ಪಾಲಿಗೆ ಆ ಪದಕ್ಕೆ ಇದ್ದದ್ದು ಅಷ್ಟೇ ಅರ್ಥ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ರವಿವಾರ, ಬಜಾರಿನ ಮೇಲ್ವಿಚಾರಣೆ ನೋಡಿಕೊಳ್ಳುವ ಮಹಿಳೆ ನಮ್ಮ ಟೇಬಲ್ಲಿನ ಮುಂದೆ ಬಂದು ನಿಂತರು. ಅವರು ಆ ಸಂಕೀರ್ಣದ ನಿವಾಸಿ. ಕಟ್ಟುನಿಟ್ಟಿನವರು, ಆದರೆ ಒಳ್ಳೆಯವರು, ನಮ್ಮ ಮಾಲನ್ನು ತಾವೂ ತಿನ್ನುವವರು.

"ಮೌಶಿ, ಆಪ್ಕಾ ಮಾಲ್ ಅಚ್ಛಾ ಹೈ, ಮೈಂ ಖುದ್ ಖಾತೀ ಹೂಂ. ಲೇಕಿನ್ ಅಬ್ ಕಮಿಟೀ ಕಾ ನಿಯಮ್ ಹೈ. ಬೋರ್ಡ್ ಪೇ ನಂಬರ್ ನಹೀಂ, ತೋ ಟೇಬಲ್ ನಹೀಂ."

ತಿನ್ನುವ ಪದಾರ್ಥ ಮಾರುವವರೆಲ್ಲರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಅದರ ನಂಬರನ್ನು ಟೇಬಲ್ಲಿನ ಮೇಲೆ ಕಾಣುವಂತೆ ಹಾಕಬೇಕೆಂದು ಕಮಿಟಿ ಗೊತ್ತುಮಾಡಿತ್ತು. ಗಡುವು ಆರು ರವಿವಾರ. ಆರನೆಯ ರವಿವಾರ ನಂಬರು ಇಲ್ಲದವರ ಟೇಬಲ್ಲು, ಕಾಯುತ್ತಿರುವವರ ಪಟ್ಟಿಯಲ್ಲಿ ಮೊದಲಿದ್ದವರಿಗೆ ಹೋಗುವುದು.

ಮನೆಗೆ ಮರಳುವಾಗ ನನ್ನ ಪತಿಯ ರಿಕ್ಷಾದಲ್ಲಿ ಅತ್ತೆಯವರು ಕೇಳಿದರು: "ಏನಂದ್ಳs ಆಕಿ? ನಂಬರ ಐತೆಲ್ಲ ನಮಗ, ಐದು."

"ಆ ನಂಬರ ಅಲ್ರಿ ಅತ್ತಿ. ಸರಕಾರದ ನಂಬರ ಬೇಕಂತ."

"ಸರಕಾರ ಯಾವಾಗಿಂದ ರೊಟ್ಟಿ ತಿನ್ನಾಕ ಹತ್ತೇತಿ?"

"ಯವ್ವಾ, ಸರಕಾರ ಎಲ್ಲಾ ತಿಂತೈತಿ, ಸುಮ್ಕ ಕುಂದರು," ಎಂದು ಮುಂದಿನಿಂದ ನನ್ನ ಪತಿ ನಕ್ಕರು. ಅತ್ತೆಯವರು ನಗಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಅವರು ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. ಬಜಾರಿನ ವ್ಯಾಪಾರ ಕುದುರಿದ ಧೈರ್ಯದ ಮೇಲೆ ಒಂದೊಂದಾಗಿ ಮೂರು ಮನೆಗಳನ್ನು ಬಿಟ್ಟಿದ್ದರು. ದೀಪಾವಳಿಯ ನಂತರ ಬರುವುದಿಲ್ಲವೆಂದು ನಾಲ್ಕನೆಯ ಮನೆಗೂ ಹೇಳಿಯಾಗಿತ್ತು. ವಾರವಿಡೀ ರೊಟ್ಟಿ ಬಡಿದು ಒಣಗಿಸಿ ಇಡುವವರಿಗೆ ಬೇರೆ ಕೆಲಸಕ್ಕೆ ಬಿಡುವೂ ಇರಲಿಲ್ಲ. ಟೇಬಲ್ಲು ಹೋದರೆ ಮತ್ತೆ ಆ ಬಾಗಿಲುಗಳಿಗೇ ಹೋಗಬೇಕು. "ಬಿಟ್ಟ ಮನೀ ಬಾಗಲಾ ಮತ್ತ ಬಡಿಯೂದಂದ್ರ ಸಾಯೂದಕ್ಕಿಂತ ಕಡಿ," ಎಂದು ಅಂದು ಸಂಜೆ ಜೋಳ ಹಸನು ಮಾಡುತ್ತ ಒಮ್ಮೆ ಮಾತ್ರ ಅಂದರು. ಆಮೇಲೆ ನನ್ನ ಕಡೆಗೆ ನೋಡಿ, "ನಮ್ಮ ಮನ್ಯಾಗ ಸಾಲಿ ಕಲ್ತಾಕಿ ಅದಾಳಲ್ಲ, ನನಗೇನು ಚಿಂತಿ," ಎಂದರು. ಆ ಮಾತು ನನಗೆ ಧೈರ್ಯವನ್ನು ಕೊಡಲಿಲ್ಲ.

ಸ್ಟೇಷನ್ನಿನ ಹತ್ತಿರ ಫಾರಂ ತುಂಬಿಕೊಡುವ ಅಂಗಡಿಯೊಂದಿದೆ. ಅವನ ಬಳಿ ಹೋಗೋಣವೆಂದು ಪತಿ ಹೇಳಿದಾಗ ಬೇಡವೆಂದವಳು ನಾನೇ. ಓದಿದ ಸೊಸೆ ಮನೆಯಲ್ಲಿದ್ದೂ ಫಾರಂ ತುಂಬಿಸಲು ಬೇರೆಯವರನ್ನು ಹುಡುಕುವುದೆಂದರೆ ಹೇಗೆ ಎಂದು ನನಗೆ ಅನ್ನಿಸಿತ್ತು. ಅಂಧೇರಿಯಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲಿ, ಬೇರೆಯವರು ತುಂಬಿದ ಅರ್ಜಿಗಳಲ್ಲಿ ತಪ್ಪು ಹುಡುಕುವುದೇ ನನ್ನ ದಿನನಿತ್ಯದ ಕೆಲಸ. ಮೇಲಧಿಕಾರಿಯ ಅನುಮತಿ ಪಡೆದು, ಊಟದ ವಿರಾಮದಲ್ಲಿ ಅಲ್ಲಿನ ಕಂಪ್ಯೂಟರಿನಲ್ಲಿಯೇ ಅರ್ಜಿಯನ್ನು ತೆರೆದೆ.

ನಮ್ಮಂಥ ಸಣ್ಣವರಿಗೆ ಬೇಕಾದದ್ದು ಲೈಸೆನ್ಸ್ ಅಲ್ಲ, ಬರೀ ನೋಂದಣಿ ಎಂಬುದು ತಿಳಿಯುವುದಕ್ಕೇ ಮೂರು ವಿರಾಮಗಳು ಹೋದವು. ವರ್ಷದ ವಹಿವಾಟು ಗೊತ್ತುಪಡಿಸಿದ ಮಿತಿಯೊಳಗಿದ್ದರೆ ನೋಂದಣಿ ಸಾಕು, ಮೀರಿದರೆ ಲೈಸೆನ್ಸ್. ನೋಂದಣಿಗೆ ಅರ್ಜಿದಾರರ ಭಾವಚಿತ್ರ, ಗುರುತಿನ ಚೀಟಿ, ಪದಾರ್ಥ ತಯಾರಾಗುವ ಸ್ಥಳದ ದಾಖಲೆ, ನೀರಿನ ಮೂಲ, ತಯಾರಿಸುವ ಪದಾರ್ಥಗಳ ಪಟ್ಟಿ, ಕೊನೆಗೆ ಮೇಲಿನದೆಲ್ಲ ಸತ್ಯವೆಂಬ ಘೋಷಣೆ ಬೇಕು. ಕೇಳಲಿಕ್ಕೆ ಇಷ್ಟೇ.

ಮೊದಲ ಅಡಚಣೆ ಸ್ಥಳದ ದಾಖಲೆಯಿಂದ ಬಂತು. ನಮ್ಮ ಖೋಲಿಯ ಲೈಟ್ ಬಿಲ್ಲು ಮಾಲಕರ ಹೆಸರಿನಲ್ಲಿದೆ. ಅವರಿಂದ ಒಪ್ಪಿಗೆ ಪತ್ರ ತರಬೇಕಿತ್ತು. ಅವರು ಕೇಳಿದೊಡನೆ ಎದ್ದು ನಿಂತರು: "ಆಜ್ ಲೈಸೆನ್ಸ್, ಕಲ್ ಬೋಲೋಗೇ ಖೋಲೀ ಹಮಾರೀ!" ಬಾಡಿಗೆಗೆ ಇದ್ದವರು ಸರಕಾರಿ ಕಾಗದ ಮಾಡಿಸಿಕೊಂಡು ಖೋಲಿಯನ್ನೇ ತಮ್ಮದೆಂದಾರು ಎಂಬುದು ಅವರ ಅಂಜಿಕೆ. ಈ ನೋಂದಣಿಯಿಂದ ಖೋಲಿಯ ಮೇಲೆ ನಮಗೆ ಯಾವ ಹಕ್ಕೂ ಬರುವುದಿಲ್ಲವೆಂದು ಮರಾಠಿಯಲ್ಲಿ ನಾನೇ ಒಂದು ಪತ್ರ ಬರೆದು, ಪತಿಯ ಸಹಿ ಹಾಕಿಸಿ ಕೊಟ್ಟ ಮೇಲೆ ಅವರು ತಮ್ಮ ಸಹಿ ಹಾಕಿದರು. ಅಷ್ಟರಲ್ಲಿ ಎರಡು ರವಿವಾರಗಳು ಕಳೆದವು.

ಉಳಿದದ್ದು ಪದಾರ್ಥಗಳ ಪಟ್ಟಿ. ರೊಟ್ಟಿಗೆ ತೊಡಕಾಗಲಿಲ್ಲ. ಹಿಂಡಿಗೆ ಬಂದಾಗ ನನ್ನ ಬೆರಳು ನಿಂತಿತು. ಫಾರಂ ಇಂಗ್ಲಿಷಿನಲ್ಲಿತ್ತು. ಹಿಂಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಚಟ್ನಿ ಎಂದು ಬರೆಯಬಹುದಿತ್ತು. ಅದು ಮನಸ್ಸಿಗೆ ಬಂದಿತ್ತು ಕೂಡ. ಆದರೆ ಚಟ್ನಿ ಎಂದರೆ ನನ್ನ ಕಣ್ಣ ಮುಂದೆ ಬರುವುದು ಉಡುಪಿ ಹೋಟೆಲಿನಲ್ಲಿ ದೋಸೆಯೊಡನೆ ಕೊಡುವ ತೆಂಗಿನಕಾಯಿಯ ಬಿಳಿ ಚಟ್ನಿ. ಅತ್ತೆಯವರ ಹಿಂಡಿಯಲ್ಲಿ ತೆಂಗೂ ಇಲ್ಲ, ನೀರೂ ಇಲ್ಲ. ಅದನ್ನು ಚಟ್ನಿ ಎಂದು ಬರೆದು, ಕೆಳಗೆ ಮೇಲಿನದೆಲ್ಲ ಸತ್ಯವೆಂದು ಘೋಷಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲವೇ? ಹಾಗಾಗಿ ಶಬ್ದಕೋಶವನ್ನು ನೋಡಿದೆ. ಹಿಂಡಿ ಎಂಬ ಪದದ ಎದುರಿಗೆ ಸ್ಪಷ್ಟವಾಗಿ ಕೊಟ್ಟಿತ್ತು: ಆಯಿಲ್ ಕೇಕ್. ಶೇಂಗಾ ಕುಟ್ಟುವಾಗ ಎಣ್ಣೆ ಬಿಡುತ್ತದೆ, ಪುಡಿ ಕೇಕಿನಂತೆ ಮುದ್ದೆಯಾಗುತ್ತದೆ. ಇಂಗ್ಲಿಷಿನವರು ಎಷ್ಟು ಸರಿಯಾಗಿ ಹೆಸರಿಟ್ಟಿದ್ದಾರೆಂದು ಮೆಚ್ಚಿಕೊಂಡೆ. ಶೇಂಗಾ, ಅಗಸಿ, ಗುರೆಳ್ಳು ಮೂರರ ಮುಂದೆಯೂ ಆಯಿಲ್ ಕೇಕ್ ಎಂದು ಬರೆದು, ಅಕ್ಷರಗಳನ್ನು ಎರಡು ಸಲ ಪರೀಕ್ಷಿಸಿ, ಶುಲ್ಕ ತುಂಬಿ ಅರ್ಜಿ ಕಳಿಸಿದೆ.

ಐದನೆಯ ದಿನ ಅರ್ಜಿ ಮರಳಿ ಬಂತು. ಜೊತೆಗೊಂದು ಪ್ರಶ್ನೆಯಿತ್ತು: ಕೇಕ್ ಬೇಕರಿ ಪದಾರ್ಥವಾಗಿರುವುದರಿಂದ ಓವನ್ನಿನ ವಿವರ ಒದಗಿಸಬೇಕು.

ನಮ್ಮ ಮನೆಯಲ್ಲಿ ಎರಡು ಒಲೆಯ ಗ್ಯಾಸು ಬಿಟ್ಟರೆ ಬೇರೇನೂ ಇಲ್ಲ. ಇಂಗ್ಲಿಷಿನಿಂದ ಗೊಂದಲವಾಗಿರಬೇಕು, ಕಚೇರಿಯವರು ಮರಾಠಿಯವರಾಗಿರುವುದರಿಂದ ಮರಾಠಿಯಲ್ಲಿ ತಿಳಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಮತ್ತೆ ಶಬ್ದಕೋಶ. ಹಿಂಡಿಗೆ ಮರಾಠಿಯಲ್ಲಿ ಪೇಂಡ್. ಆ ಪದವನ್ನು ನಾನು ಎಂದೂ ಯಾರ ಬಾಯಿಂದಲೂ ಕೇಳಿರಲಿಲ್ಲ. ನಗರದಲ್ಲಿ ಅದನ್ನು ಆಡುವ ಪ್ರಸಂಗ ಎಲ್ಲಿ ಬರುತ್ತದೆ? ಕೇಳಿರದ ಪದವಾದ್ದರಿಂದಲೇ ಅದು ಹೆಚ್ಚು ಶುದ್ಧವೆಂದು ತೋರಿತು. "ಸದರಿ ಪದಾರ್ಥವು ಬೇಕರಿಯದಲ್ಲ, ಶೇಂಗಾದ ಪೇಂಡ್ ಆಗಿದೆ, ದಯವಿಟ್ಟು ಮಾನ್ಯ ಮಾಡಬೇಕು" ಎಂಬ ಅರ್ಥ ಬರುವಂತೆ ವಿನಯಪೂರ್ವಕವಾಗಿ ಉತ್ತರ ಬರೆದೆ. ಆ ವಿನಯವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡನೆಯ ಸಲ ಬಂದ ಉತ್ತರ ಚಿಕ್ಕದು. ಪಶುಖಾದ್ಯವು ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಆ ಮೂರು ಪದಾರ್ಥಗಳನ್ನು ಪಟ್ಟಿಯಿಂದ ತೆಗೆಯಬೇಕು, ಇಲ್ಲವೇ ಕಚೇರಿಗೆ ಖುದ್ದಾಗಿ ಬಂದು ಸ್ಪಷ್ಟಪಡಿಸಬೇಕು.

ಪಶುಖಾದ್ಯ. ಆ ಪದವನ್ನು ಓದುತ್ತಿದ್ದಂತೆ, ಎಂದೋ ಶಾಲೆಯ ಪಾಠದಲ್ಲಿ ಬಂದಿದ್ದ ಒಂದು ಸಾಲು ನೆನಪಿಗೆ ಬಂತು: ಗಾಣದವನು ಎಣ್ಣೆಯನ್ನು ಮಾರಿ, ಉಳಿದ ಹಿಂಡಿಯನ್ನು ದನಗಳಿಗೆ ಹಾಕಿದನು. ಆಗ ಅದನ್ನು ಬಾಯಿಪಾಠ ಮಾಡಿದ್ದೆನೇ ಹೊರತು, ನಮ್ಮ ತಾಟಿನ ಹಿಂಡಿಗೂ ಅದಕ್ಕೂ ಸಂಬಂಧ ಹಚ್ಚಿರಲಿಲ್ಲ. ನನ್ನ ಅತ್ತೆಯವರು ಪವಾಯಿಯ ಜನರಿಗೆ ದನದ ಮೇವನ್ನು ಮಾರಲು ಅನುಮತಿ ಬೇಡುತ್ತಿದ್ದಾರೆಂದು ನಾನು ಸರಕಾರಕ್ಕೆ ಒಂದಲ್ಲ, ಎರಡು ಭಾಷೆಗಳಲ್ಲಿ ಬರೆದುಕೊಟ್ಟಿದ್ದೆ.

ಅಂದು ನಾಲ್ಕನೆಯ ರವಿವಾರಕ್ಕೆ ಎರಡು ದಿನ ಉಳಿದಿತ್ತು. ಮನೆಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ಕೆಲಸದಿಂದ ಬರುವಾಗ ಸ್ಟೇಷನ್ನಿನ ಫಾರಂ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮೊಬೈಲಿನಲ್ಲಿ ಎಲ್ಲವನ್ನೂ ಓದಿ ನೋಡಿ, ಮೊದಲು ಚೆನ್ನಾಗಿ ನಕ್ಕ. ಆಮೇಲೆ ಉಪಾಯ ಹೇಳಿದ: "ಮೇಡಂ, ತೀನೋಂ ನಿಕಾಲ್ ದೋ, ಸಿರ್ಫ್ ರೋಟೀ ರಖೋ. ದೋ ದಿನ್ ಮೇಂ ನಂಬರ್. ಬಾದ್ ಮೇಂ ಟೇಬಲ್ ಕೇ ನೀಚೇ ಸೇ ಕುಛ್ ಭೀ ಬೇಚೋ, ಕೌನ್ ದೇಖತಾ ಹೈ?"

ಉಪಾಯ ಸುಲಭವಾಗಿತ್ತು. ರೊಟ್ಟಿಯೊಂದಕ್ಕೇ ನೋಂದಣಿ ಪಡೆದು, ಹಿಂಡಿಯನ್ನು ಟೇಬಲ್ಲಿನ ಕೆಳಗೆ ಇಟ್ಟು ಮಾರುವುದು. ನನ್ನ ತಪ್ಪು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಬೆರಳಿನಿಂದ ಮೂರು ಸಲ ಒತ್ತಿದರೆ ಆಗುತ್ತಿತ್ತು. ನಾನು ಯೋಚಿಸುತ್ತೇನೆಂದು ಹೇಳಿ ಬಂದೆ. ಆ ರವಿವಾರ ಬಜಾರಿನಲ್ಲಿ ಅತ್ತೆಯವರ ಪಕ್ಕದಲ್ಲಿ ನಿಂತು ಗಮನಿಸಿದೆ. ಬಂದವರು ಮೊದಲು ಕೈ ಚಾಚುತ್ತಿದ್ದುದು ಹಿಂಡಿಯ ಡಬ್ಬಿಗೆ. ರೊಟ್ಟಿಯನ್ನು ಕೇಳುತ್ತಿದ್ದುದು ಆಮೇಲೆ. ಟೇಬಲ್ಲಿನ ಕೆಳಗೆ ಬಗ್ಗಿ ಅದನ್ನು ಕದ್ದ ಮಾಲಿನಂತೆ ತೆಗೆದುಕೊಡುವ ಅತ್ತೆಯವರನ್ನು ಕಲ್ಪಿಸಿಕೊಂಡೆ. ಮನಸ್ಸು ಒಪ್ಪಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆಯವರು ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ನಾನೂ ಎದುರಿಗೆ ಕುಳಿತು ಎರಡು ಎಸಳು ಸುಲಿದು, ನಡೆದದ್ದನ್ನೆಲ್ಲ ಹೇಳಿದೆ. ಕೇಕಿನ ಮಾತನ್ನೂ ಬಿಡಲಿಲ್ಲ.

ಅವರು ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟರು. "ಅಂದ್ರ, ನಾ ಎರಡ ವರ್ಷದಿಂದ ಆ ಸಾಹೇಬ್ರ ಹೆಂಡರಿಗೆಲ್ಲಾ ದನದ ಮೇವು ತಿನಿಸಾಕ ಹತ್ತೀನಂತ ಬರದಿ?"

"ಹೌದ್ರಿ ಅತ್ತಿ."

"ಸರಕಾರಕ್ಕ?"

"ಹೌದ್ರಿ."

ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದ್ದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬಾಗಿಲಲ್ಲಿ ರಿಕ್ಷಾದ ಸೀಟು ಒರೆಸುತ್ತಿದ್ದ ಮಗನನ್ನು ಕರೆದು, "ಕೇಳಿಲ್ಲೇನೋ, ನಿನ್ನ ಹೆಂಡತಿ ನನಗ ಎಮ್ಮಿ ತಬೇಲಾ ಇಟ್ಟಕೊಟ್ಟಾಳ!" ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, "ಯಾರನ್ನ ಕೇಳಿ ಬರದಿ ನೀ?" ಎಂದು ಕೇಳಿದರು.

"ಶಬ್ದಕೋಶ ನೋಡಿದ್ನಿರಿ."

"ಆ ಶಬ್ದಕೋಶ ಎಂದಾದ್ರೂ ಹಿಂಡಿ ಕುಟ್ಟೈತೇನು? ಕುಟ್ಟಾಕಿ ನಾ ಇಲ್ಲೇ ಕುಂತೀನಿ. ನನ್ನ ಕೇಳಬೇಕಿಲ್ಲ?"

ನಾಲ್ಕು ವಾರಗಳಲ್ಲಿ ಒಮ್ಮೆಯೂ ನಾನು ಅವರನ್ನು ಏನನ್ನೂ ಕೇಳಿರಲಿಲ್ಲ. ಅವರ ಹೆಸರಿನ ಅರ್ಜಿ, ಅವರು ಮಾಡುವ ಪದಾರ್ಥ. ಅವರಿಂದ ಪಡೆದದ್ದು ಒಂದು ಭಾವಚಿತ್ರ ಮತ್ತು ಒಂದು ಸಹಿ ಮಾತ್ರ. ಪದಾರ್ಥ ತೆಗೆಯುವುದು ಬೇಡ, ಕಚೇರಿಗೆ ಹೋಗೋಣ, ಅಲ್ಲಿ ನೀವೇ ಮಾತಾಡಬೇಕು ಎಂದು ನಾನು ಅಂದದ್ದು ಆಗಲೇ.

"ನಾ ಏನ ಮಾತಾಡ್ಲಿ ಅಲ್ಲಿ? ನನ್ನ ಹಿಂದಿ ಕೇಳಿದ್ರ ಅವ್ರು ಓಡಿ ಹೋಗ್ತಾರ."

"ನೀವು ಕನ್ನಡದಾಗs ಹೇಳ್ರಿ. ನಾ ಅದನ್ನs ಹೇಳ್ತೀನಿ. ಶಬ್ದಕೋಶ ಮನ್ಯಾಗ ಬಿಟ್ಟ ಬರ್ತೀನಿ."

ಸೋಮವಾರ ಅರ್ಧ ದಿನ ರಜೆ ಪಡೆದೆ. ಅತ್ತೆಯವರು ಬಜಾರಿಗೆ ಉಡುವ ಇಳಕಲ್ ಸೀರೆಯನ್ನೇ ಉಟ್ಟು, ಶೇಂಗಾ ಹಿಂಡಿಯ ಸಣ್ಣ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡರು. ಕಚೇರಿಯಲ್ಲಿ ಒಂದೂವರೆ ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಮೇಜಿನ ಹಿಂದೆ ಇದ್ದವರು ಮಧ್ಯವಯಸ್ಸಿನ ಮರಾಠಿ ಅಧಿಕಾರಿ, ಮಹಿಳೆ. ಎರಡೂ ಕಡೆ ಫೈಲುಗಳು ಇದ್ದವು. ನಾನು ರೂಢಿಯಂತೆ, ಬರೆದುಕೊಂಡು ಹೋಗಿದ್ದ ಚೀಟಿಯನ್ನು ತೆಗೆದು ಓದಲು ತೊಡಗಿದೆ. ಅವರು ಎರಡು ವಾಕ್ಯ ಕೇಳಿ ಕೈ ಎತ್ತಿದರು.

"ತೇ ಠೇವಾ. ಕಾಯ್ ಬನವತಾ ತುಮ್ಹೀ ನೇಮ್ಕಂ?" ಅದನ್ನು ಇಡಿ, ನೀವು ಖಚಿತವಾಗಿ ಮಾಡುವುದೇನು ಎಂಬ ಪ್ರಶ್ನೆ.

ನಾನು ಅತ್ತೆಯವರ ಕಡೆಗೆ ನೋಡಿದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಮುಂದೆ ಸರಿಸಿದರು. ಬೆಳ್ಳುಳ್ಳಿಯ ವಾಸನೆ ಫೈಲುಗಳ ಮೇಲೆ ಹರಡಿತು. ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು.

ಅಧಿಕಾರಿ ಡಬ್ಬಿಯನ್ನು ಮುಟ್ಟಲಿಲ್ಲ. "ಇಥೇ ಆಮ್ಹೀ ಖಾತ್ ನಾಹೀ, ಬಾಯೀ. ಫಕ್ತ ಸಾಂಗಾ." ಇಲ್ಲಿ ನಾವು ತಿನ್ನುವುದಿಲ್ಲ, ಹೇಳಿದರೆ ಸಾಕು ಎಂದರು.

ಅತ್ತೆಯವರು ಹೇಳತೊಡಗಿದರು. ನಾನು ಒಂದೊಂದೇ ಮಾತನ್ನು ಇದ್ದಂತೆಯೇ ಮರಾಠಿಗೆ ತಂದೆ. ಶೇಂಗಾ ಸಣ್ಣ ಉರಿಯ ಮೇಲೆ ಹುರಿಯಬೇಕು, ಹೊತ್ತಿದರೆ ಕಹಿ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಕೇರಬೇಕು. ಒಣ ಖಾರ, ಉಪ್ಪು, ಜೀರಿಗೆ, ಬೆಳ್ಳುಳ್ಳಿ ಹಾಕಿ ಕಲ್ಲಿನಲ್ಲಿ ಕುಟ್ಟಬೇಕು. ಮಿಕ್ಸರ್ ಆಗದು, ಅದು ಹಿಟ್ಟು ಮಾಡುತ್ತದೆ. ನೀರು ಸೋಂಕಬಾರದು, ಸೋಂಕಿದರೆ ನಾಲ್ಕು ದಿನಕ್ಕೆ ಬೂಜು.

ಅಧಿಕಾರಿ ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಎಲ್ಲವೂ ನಿಂತಿದ್ದು ಆ ಒಂದು ಪ್ರಶ್ನೆಯ ಮೇಲೆ ಎಂದು ಆಗ ನನಗೆ ತಿಳಿಯಲಿಲ್ಲ. ಎಣ್ಣೆಯನ್ನು ಹಿಂಡಿ ತೆಗೆಯುತ್ತೀರಾ?

ಅತ್ತೆಯವರು ನನ್ನ ಕಡೆಗೆ, ಇದನ್ನೂ ಕೇಳುತ್ತಾರೆಯೇ ಎಂಬಂತೆ ನೋಡಿದರು. "ಎಣ್ಣಿ ತಗದ್ರ ದನದ್ದು, ಎಣ್ಣಿ ಉಳದ್ರ ಮಂದೀದು. ಇಷ್ಟs ನೋಡವ್ವ ಫರಕು. ನಮ್ಮದರಾಗ ಎಣ್ಣಿ ಒಳಗs ಇರ್ತೈತಿ."

ನಾನು ಅದನ್ನು ಹಾಗೆಯೇ ಹೇಳಿದೆ. ಒಂದು ಪದವನ್ನೂ ಅಲಂಕರಿಸಲಿಲ್ಲ.

ಅಧಿಕಾರಿ ನಕ್ಕುಬಿಟ್ಟರು. "ಅಹೋ, ಹೀ ತರ ಸುಕೀ ಚಟಣೀ! ಏವಢಂ ಸೋಪಂ ನಾವ್, ಆಣಿ ತುಮ್ಹೀ ಕೇಕ್ ಲಿಹಿಲಂ?" ಇಷ್ಟು ಸುಲಭದ ಹೆಸರು, ಒಣ ಚಟ್ನಿ, ನೀವು ಕೇಕ್ ಎಂದು ಬರೆದಿರಲ್ಲ ಎಂದು ನನ್ನನ್ನೇ ನೋಡುತ್ತ ಕೇಳಿದರು. ಆ ನೋಟದಲ್ಲಿ ಅವಮಾನ ಮಾಡುವ ಭಾವ ಇರಲಿಲ್ಲ. ಚಟ್ನಿ ಎಂಬ ಪದ ಅರ್ಥವಾದೊಡನೆ ಅತ್ತೆಯವರು ಮಾತ್ರ ತಕರಾರು ತೆಗೆದರು: "ಚಟ್ನಿ ಅಂದ್ರ ಇಡ್ಲಿ ಸಂಗಾಟ ಕೊಡೂದಲ್ಲs? ನಮ್ಮದು ಹಿಂಡಿ. ಹಿಂಡಿ ಅಂತs ಬರೀರಿ." ಅಂದರೆ, ಅವರಿಗೂ ಚಟ್ನಿ ಎಂದರೆ ನನಗೆ ಕಾಣುವುದೇ ಕಾಣುತ್ತಿತ್ತು! ಅಧಿಕಾರಿ ಪಟ್ಟಿಯಲ್ಲಿ ಶೇಂಗಾದ ಒಣ ಚಟ್ನಿ ಎಂದು ತಿದ್ದಿಸಿ, ಮುಂದೆ ಸ್ಥಳೀಯ ಹೆಸರು ಹಿಂಡಿ ಎಂದು ಸೇರಿಸಲು ಹೇಳಿದರು. ಉಳಿದ ಎರಡಕ್ಕೂ ಹಾಗೆಯೇ. ತಿದ್ದುಪಡಿಯನ್ನು ಅವರ ಮುಂದೆಯೇ ನನ್ನ ಮೊಬೈಲಿನಿಂದ ಕಳಿಸಿದೆ. ಆದರೆ ಎರಡು ಸಲ ಮರಳಿದ ಅರ್ಜಿಯಾದ್ದರಿಂದ, ಸ್ಥಳವನ್ನು ನೋಡಿಯೇ ನಂಬರು ಕೊಡುವುದಾಗಿಯೂ ಆ ವಾರದಲ್ಲಿ ಒಬ್ಬರು ಬಂದು ಹೋಗುವರೆಂದೂ ತಿಳಿಸಿದರು.

ಹೊರಗೆ ಬಂದ ಮೇಲೆ ಅತ್ತೆಯವರು ಡಬ್ಬಿಯನ್ನು ಚೀಲದಲ್ಲಿಡುತ್ತ, "ಪಾಪ, ವಾಸನಿ ಹಿಡದು ಬಾಯಾಗ ನೀರ ಬಂದಿದ್ವು ಆಕೀಗೆ. ಆದ್ರೂ ಮುಟ್ಟಲಿಲ್ಲ ನೋಡು. ಖರೇ ಮನಷ್ಯಾಳು," ಎಂದರು.

ಮುಂದಿನ ಮೂರು ದಿನ ಮನೆಯಲ್ಲಿ ತಯಾರಿ. ನೀರಿನ ಎರಡೂ ಡ್ರಮ್ಮುಗಳಿಗೆ ಹೊಸ ಮುಚ್ಚಳ ಬಂತು. ಮೋರಿಯ, ಎಂದರೆ ಪಾತ್ರೆ ತೊಳೆಯುವ ಮೂಲೆಯ, ಗೋಡೆಗೆ ಪತಿ ಸುಣ್ಣ ಬಳಿದರು. ಪಾಲಿಕೆಯ ದವಾಖಾನೆಯಲ್ಲಿ ಅತ್ತೆಯವರ ಆರೋಗ್ಯ ತಪಾಸಣೆ ಮಾಡಿಸಿ ಪ್ರಮಾಣಪತ್ರ ತಂದೆವು. ತಲೆಗೆ ಹಾಕುವ ಟೊಪ್ಪಿಗೆಯನ್ನು ಕಂಡು ಅತ್ತೆಯವರು, "ಸೆರಗು ಸಾಲಂಗಿಲ್ಲೇನು ಇವರಿಗೆ?" ಎಂದು ಗೊಣಗಿದರೂ ಹಾಕಿಕೊಂಡರು.

ಗುರುವಾರ ಹನ್ನೊಂದಕ್ಕೆ ಬರಬೇಕಿದ್ದ ಇನ್ಸ್‌ಪೆಕ್ಟರು ಹನ್ನೆರಡಾದರೂ ಬರಲಿಲ್ಲ. ರಜೆ ಹಾಕಿದ್ದ ನಾನು ಬಾಗಿಲಿಗೂ ಒಳಗೂ ಅಲೆದಾಡಿದೆ. ಕೊನೆಗೆ ಚಾಳಿನ ತುದಿಯಿಂದ ಪಕ್ಕದ ಖೋಲಿಯವಳು ಕೂಗಿದಳು: "ಭಾಭೀ, ಆಪ್ಕೇ ಸಾಹಬ್ ತಬೇಲೇ ಮೇಂ ಖಡೇ ಹೈಂ!"

ನಡೆದದ್ದು ಇಷ್ಟು. ಅವರ ಕೈಯಲ್ಲಿದ್ದುದು ತಿದ್ದುಪಡಿಯಾಗುವ ಮೊದಲಿನ ಕಾಗದ. ಅದರಲ್ಲಿ ನನ್ನ ಪೇಂಡ್ ಹಾಗೆಯೇ ಇತ್ತು. ಅವರು ಚಾಳಿನ ಬಾಯಲ್ಲಿ ನಿಂತು, ಇಲ್ಲಿ ಪೇಂಡ್ ಮಾರುವವರು ಯಾರೆಂದು ವಿಚಾರಿಸಿದ್ದಾರೆ. ಜನ ಸಹಜವಾಗಿಯೇ ಹಿಂದಿನ ಗಲ್ಲಿಯ ಎಮ್ಮೆಗಳ ತಬೇಲಾದ ದಾರಿ ತೋರಿಸಿದ್ದಾರೆ. ಅಲ್ಲಿ ಅರ್ಧ ಗಂಟೆ ವಿಚಾರಣೆ ನಡೆಸಿ, ಬೂಟಿಗೆ ಸಗಣಿ ಮೆತ್ತಿಕೊಂಡು, ಬೆವರು ಒರೆಸುತ್ತ ನಮ್ಮ ಬಾಗಿಲಿಗೆ ಬಂದರು. ಮುಖ ಪ್ರಸನ್ನವಾಗಿರಲಿಲ್ಲ. ಮುಗಿಯಿತು ಎಂದುಕೊಂಡೆ.

ಅವರು ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಅತ್ತೆಯವರು ಲಟ್ಟಣಿಗೆ ಹಿಡಿದ ಕೈಯನ್ನೇ ಅಡ್ಡ ಚಾಚಿದರು. "ಸಾಹೇಬ್, ಬೂಟ್ ಬಾಹೇರ್! ಅಂದರ್ ರೋಟೀ ಹೈ."

"ಅತ್ತಿ!" ಎಂದು ನಾನು ಪಿಸುಗುಟ್ಟಿದೆ.

"ಅತ್ತಿ ಏನು ಅತ್ತಿ? ಸಗಣಿ ತಗೊಂಡ್ ಒಳಗ ಬರ್ತಾರ ಏನು?" ಎಂದು ಒಂದು ತಂಬಿಗೆ ನೀರನ್ನು ಅವರ ಮುಂದೆ ಇಟ್ಟರು. ಇನ್ಸ್‌ಪೆಕ್ಟರು ಬಗ್ಗಿ ತಮ್ಮ ಬೂಟು ನೋಡಿಕೊಂಡರು. ಬೂಟು ಕಳಚಿ, ಕಾಲು ತೊಳೆದು, ಒಳಗೆ ಬಂದು ಕುಳಿತ ಮೇಲೆ ತಪಾಸಣೆಯ ಕಾಗದ ತೆಗೆದು, ಮೊದಲ ಕಲಮಿನ ಮುಂದೆ ಗುರುತು ಹಾಕಿದರು. "ಸ್ವಚ್ಛತಾ. ಯೇ ತೋ ದರವಾಜೇ ಪೇ ಹೀ ಹೋ ಗಯಾ," ಎಂದರು. ಸ್ವಚ್ಛತೆಯ ಪರೀಕ್ಷೆ ಬಾಗಿಲಲ್ಲೇ ಮುಗಿಯಿತೆಂದು ಕೇಳಿ ನನಗೆ ಉಸಿರು ಬಂತು.

ಅವರು ಎಲ್ಲವನ್ನೂ ನೋಡಿದರು. ಡ್ರಮ್ಮಿನ ಮುಚ್ಚಳ ಎತ್ತಿದರು. ಕುಟ್ಟುವ ಕಲ್ಲನ್ನು ಹೇಗೆ ತೊಳೆಯುತ್ತೀರೆಂದು ಕೇಳಿದರು. ಕುದಿಯುವ ನೀರು, ಆಮೇಲೆ ಬಿಸಿಲು ಎಂದರು ಅತ್ತೆಯವರು. ಒಂದು ಕಡೆ ಮಾತ್ರ ಅವರ ಬೆರಳು ನಿಂತಿತು. ಉಪ್ಪಿನ ಭರಣಿ ಇದ್ದ ಹಲಗೆಯ ತುದಿಯಲ್ಲಿಯೇ ಜಿರಳೆ ಪುಡಿಯ ಡಬ್ಬಿ ಇತ್ತು. ನಾನು ಅಷ್ಟೆಲ್ಲ ಪಟ್ಟಿ ಮಾಡಿ ಸಿದ್ಧಪಡಿಸಿದ್ದರೂ ಕಣ್ಣಿಗೆ ಬೀಳದೆ ಉಳಿದದ್ದು ಅದೊಂದು. ಅದನ್ನು ಮನೆಯ ಹೊರಗಿನ ಗೂಡಿಗೆ ಸಾಗಿಸಿ, ಹಲಗೆಯ ಫೋಟೋವನ್ನು ಸಂಜೆಯೊಳಗೆ ಕಳಿಸಬೇಕೆಂದು ಬರೆದರು. ಕಳಿಸದಿದ್ದರೆ ಅರ್ಜಿ ಮತ್ತೆ ಮರಳುವುದು. ಅವರು ಗಲ್ಲಿಯ ತಿರುವು ದಾಟುವ ಮೊದಲೇ ಡಬ್ಬಿ ಹೊರಗೆ ಹೋಗಿತ್ತು. ಫೋಟೋವನ್ನು ನಾನು ನಾಲ್ಕು ಸಲ ತೆಗೆದು, ನಾಲ್ಕನ್ನೂ ಕಳಿಸಿದೆ.

ಶುಕ್ರವಾರ ಏನೂ ಬರಲಿಲ್ಲ. ಶನಿವಾರವೂ ಇಲ್ಲ. ಐದನೆಯ ರವಿವಾರ ನಂಬರಿಲ್ಲದೆಯೇ ಕಳೆಯಿತು. ಬಜಾರಿನ ಮೇಲ್ವಿಚಾರಕಿ ಮುಂದಿನ ವಾರವೇ ಕೊನೆಯದೆಂದು ಬೆರಳೆತ್ತಿ ತೋರಿಸಿ ಹೋದರು. ಬುಧವಾರ ಮಧ್ಯಾಹ್ನ, ಬೇರೆ ಯಾರದೋ ಅರ್ಜಿಯಲ್ಲಿ ತಪ್ಪು ಹುಡುಕುತ್ತಿದ್ದಾಗ, ಮೇಜಿನ ಮೇಲಿದ್ದ ನನ್ನ ಮೊಬೈಲು ಒಮ್ಮೆ ನಡುಗಿತು. ನೋಂದಣಿ ಮಂಜೂರಾಗಿದೆ. ಕೆಳಗೆ ಹದಿನಾಲ್ಕು ಅಂಕಿಗಳು. ಕಣ್ಣಿಗೆ ನೀರು ಬಂದು ಅಂಕಿಗಳು ಕಲಸಿದಂತಾದವು. ಒರೆಸಿಕೊಂಡು ಮತ್ತೆ ಓದಿದೆ. ಪದಾರ್ಥಗಳ ಸಾಲಿಗೆ ಬಂದು, ಮೂರೂ ಹೆಸರು ಇರುವುದನ್ನು ನೋಡಿದ ಮೇಲೆಯೇ ಮನೆಗೆ ಫೋನು ಮಾಡಿದೆ.

"ಅತ್ತಿ, ನಂಬರ ಬಂತ್ರಿ."

ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ಹಿಂಡಿ ಐತೇನು ಅದರಾಗ?"

"ಮೂರೂ ಅದಾವ್ರಿ."

"ಮಂದೀ ಹಿಂಡಿನೋ, ದನದ ಹಿಂಡಿನೋ?"

"ಮಂದೀದ್ರಿ ಅತ್ತಿ."

"ಹಾಂ. ಹಂಗಾದ್ರ ಬರೂಮುಂದ ಒಂದ ಪಾವಕಿಲೋ ಪೇಡೆ ತಗೊಂಡ ಬಾ." ಸದ್ದು ಮತ್ತೆ ಶುರುವಾಯಿತು.

ಪ್ರಮಾಣಪತ್ರವನ್ನು ಸ್ಟೇಷನ್ನಿನ ಫಾರಂ ಅಂಗಡಿಯಲ್ಲಿಯೇ ಮುದ್ರಿಸಿದೆ. ಅಂಗಡಿಯವನು ಓದಿ ನೋಡಿ, "ಅಚ್ಛಾ, ರೋಟೀ ಅಕೇಲೀ ನಹೀಂ ಆಯೀ," ಎಂದು, ರೊಟ್ಟಿ ಒಂಟಿಯಾಗಿ ಬರಲಿಲ್ಲವಲ್ಲ ಎಂಬಂತೆ ತಲೆದೂಗಿದ. ಪತಿ ಟೇಬಲ್ಲಿನ ಮೇಲಿಡುವ ಒಂದು ಹಲಗೆಯ ಮೇಲೆ ನಂಬರನ್ನು ನೀಲಿ ಬಣ್ಣದಲ್ಲಿ ಬರೆದರು. ಒಬ್ಬರು ಓದಿ, ಒಬ್ಬರು ನೋಡಿ, ಹದಿನಾಲ್ಕನ್ನೂ ಮೂರು ಸಲ ತಾಳೆ ನೋಡಿದೆವು. ಆರನೆಯ ರವಿವಾರ ಬೆಳಿಗ್ಗೆ ಬಜಾರಿನ ಮೇಲ್ವಿಚಾರಕಿ ಬಂದು, ಕನ್ನಡಕ ಏರಿಸಿ, ಹಲಗೆಯನ್ನು ಓದಿ ತಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, "ಪಾಂಚ್ ನಂಬರ್ ಪಕ್ಕಾ, ಮೌಶಿ," ಎಂದರು. ಅತ್ತೆಯವರು ಅವರಿಗೆ ಶೇಂಗಾ ಹಿಂಡಿಯ ಒಂದು ಪೊಟ್ಟಣ ಕೊಟ್ಟರು. ಅವರು ಬೇಡವೆನ್ನಲಿಲ್ಲ, ತಿನ್ನಬಾರದೆಂಬ ನಿಯಮ ಅಲ್ಲಿ ಇರಲಿಲ್ಲ.

ಇದರಿಂದ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಇದ್ದಂತೆ ಬರೆದು ಮುಗಿಸುತ್ತೇನೆ. ಐದನೆಯ ನಂಬರಿನ ಟೇಬಲ್ಲು ಈಗ ಅತ್ತೆಯವರ ಹೆಸರಿನಲ್ಲಿದೆ. ಪೊಟ್ಟಣದ ಮೇಲಿನ ಚೀಟಿಯಲ್ಲಿ ಹಿಂಡಿ ಎಂಬ ಪದ ಕನ್ನಡದಲ್ಲಿದೆ, ಅದರ ಕೆಳಗೆ ಒಣ ಚಟ್ನಿ ಎಂದು ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇದೆ. ಅಚ್ಚಿಗೆ ಕೊಡುವ ಮೊದಲು ಅದನ್ನು ಅತ್ತೆಯವರಿಗೆ ಓದಿ ಹೇಳಿದ್ದೆ. ರವಿವಾರ ಬೆಳಿಗ್ಗೆ ನನ್ನ ಪತಿ ಬಾಡಿಗೆಗೆ ಹೋಗುವುದಿಲ್ಲ, ರಿಕ್ಷಾದಲ್ಲಿ ನಮ್ಮ ಮಾಲೇ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಅತ್ತೆಯವರು ಹೇಳಿದ ಮಾತಿನಂತೆ ನಾಲ್ಕನೆಯ ಮನೆಯನ್ನೂ ಬಿಟ್ಟರು. ಈಗ ನಮ್ಮ ಮನೆಯಿಂದ ಯಾರೂ ಬೇರೊಬ್ಬರ ಅಡುಗೆಮನೆಗೆ ಕೆಲಸಕ್ಕೆ ಹೋಗುವುದಿಲ್ಲ.